ಚಿಕ್ಕಬೀರಮ್ಮನ ಹಾಲು, ನಿಮ್ಮ ಎರಡು ಕಾರ್ಡು

ಹಂಪಾಪುರ ಹೋಬಳಿಯಿಂದ,
ಗುರುವಾರ, ೧೨ ಫೆಬ್ರವರಿ ೨೦೨೬

ಹುಣಸೂರಿನ ಮಹೇಶ್‌ಕುಮಾರ್ ಅವರಿಗೆ ನಂದಿತಾ ಮಾಡುವ ನಮಸ್ಕಾರ.

ನಮ್ಮೂರ ಡೈರಿಯ ಕಂಪ್ಯೂಟರ್ ಒಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕಾಲು ಕೂಡಿಕೊಂಡಿದೆ. ಕೋಲು ಬಿಟ್ಟು ನಡೆಯುತ್ತಾರೆ, ಆದರೆ ಅವ್ವ ಕೆಲಸ ಹೇಳಿದಾಗ ಮಾತ್ರ ಕೋಲು ಕೈಗೆ ಬರುತ್ತದೆ. ನೀವು ಚೆನ್ನಾಗಿದ್ದೀರಿ ಅಂತ ಕ್ಯಾನ್ ಗಾಡಿಯ ಚೇತನ್‌ಕುಮಾರ್ ಹೇಳುತ್ತಿರುತ್ತಾನೆ. ಅವನಾಗಿಯೇ ಹೇಳುತ್ತಾನೆ, ನಾನೇನೂ ಕೇಳುವುದಿಲ್ಲ.

ಫೋನಿರುವ ಕಾಲದಲ್ಲಿ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಿಮಗನ್ನಿಸಬಹುದು. ಯುಗಾದಿಯಿಂದ ಈಚೆಗೆ ಒಂದು ಮಾತಾಡದ ಗಂಡ ಹೆಂಡತಿ ಫೋನಿನಲ್ಲಿ ಕಾರ್ಡು, ಡ್ರೈವರ್ ಅಂತ ಶುರು ಮಾಡಿದರೆ ಎರಡನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ನನ್ನ ಮಾತು ಪೂರ್ತಿ ಮುಗಿಯಬೇಕು, ನೀವು ನಡುವೆ ಬಾಯಿ ಹಾಕಬಾರದು. ಅದಕ್ಕೆ ಕಾಗದವೇ ಸರಿ.

ವಿಷಯ ಇಷ್ಟು. ಕೊನೇ ಬೀದಿಯ ಚಿಕ್ಕಬೀರಮ್ಮ ನಿಮಗೆ ನೆನಪಿರಬೇಕು. ನಮ್ಮ ಮದುವೆಯ ದಿನ ನಿಮ್ಮ ಪೇಟ ಸರಿಯಿಲ್ಲ ಅಂತ ಹಸೆಮಣೆಗೇ ಬಂದು ತಿರುಗಿಸಿ ಕಟ್ಟಿದವರು. ಅವರಿಗಿರುವುದು ಒಂದೇ ಹಸು. ಆ ಹಾಲಿಗೆ ನೀರು ಹಾಕುತ್ತಾರೆ ಅಂತ ಈಗ ಊರಿಗೆಲ್ಲ ಸುದ್ದಿಯಾಗಿದೆ. ಡೈರಿಯ ಚೀಟಿಯಲ್ಲಿ ಅವರ ಹಾಲಿನ ಫ್ಯಾಟು ನೆಲಕ್ಕೆ ಬಿದ್ದಿರುತ್ತದೆ, ನೀರಿನ ಪಾಲು ಏರಿರುತ್ತದೆ. ಡೈರಿಯಲ್ಲಿ ಹಾಲು ಅಳೆದು ಚೀಟಿ ಹರಿದು ಕೊಡುವ ಕೈ ನನ್ನದೇ. ನಮ್ಮ ಹಾಲಿನ ಸಂಘದ ಅಧ್ಯಕ್ಷರು ಷಣ್ಮುಖಪ್ಪನವರು ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ, ಮಿಷನ್ನಿಗೇನು ನಿನ್ ಮ್ಯಾಲೆ ಹಗೇನವ್ವ, ಅದು ಸುಳ್ ಯೋಳಕ್ಕಿಲ್ಲ, ಅಂತ ಅಂದುಬಿಟ್ಟರು. ಭಾನುವಾರ ಸಂಘದ ಸಭೆ. ಅವತ್ತು ಅವರ ಹೆಸರನ್ನು ಸಂಘದಿಂದ ತೆಗೆಯುವುದು ಅಂತ ಮಾತಾಗಿದೆ.

ಚಿಕ್ಕಬೀರಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಹಸ ಮುಟ್ಟಿ ಯೋಳ್ತೀನಿ ಕನವ್ವ, ನನ್ ಕೈಯಿಂದ ಹಾಲ್ಗೆ ಒಂದ್ ತೊಟ್ ನೀರ್ ಬಿದ್ದಿಲ್ಲ, ಅಂತ ನನ್ನ ಮುಖವನ್ನೇ ನೋಡಿ ಹೇಳಿದರು. ಮಾರನೇ ದಿನದಿಂದ ಡೈರಿಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಹಾಲನ್ನೆಲ್ಲ ಕರುವಿಗೇ ಬಿಡುತ್ತಿದ್ದಾರೆ ಅಂತ ಕೇಳಿದೆ. ಆ ಮುಖ ನೆನೆದರೆ ನನಗೆ ಊಟ ಸೇರುವುದಿಲ್ಲ.

ನನಗೆ ಮೊದಲು ಬಂದದ್ದು ಕೋಪವಲ್ಲ, ಕುತೂಹಲ. ಬೆಳಗಿನ ಹಾಲಿಗೆ ನೀರು ಹಾಕುವವರು ಸಂಜೆಯದಕ್ಕೆ ಯಾಕೆ ಹಾಕುವುದಿಲ್ಲ? ಅವರ ಸಂಜೆ ಹಾಲು ಯಾವತ್ತೂ ಚಿನ್ನದಂಥ ಹಾಲು. ಬೆಳಿಗ್ಗೆಯೂ ದಿನಾ ಕೆಡುವುದಿಲ್ಲ, ಕೆಲವು ದಿನ ಮಾತ್ರ. ಯಾವ ದಿನ ಅಂತ ನೋಡುತ್ತ ಹೋದರೆ, ಅವರ ಪಕ್ಕದ ಮನೆಯ ನಂಜಣ್ಣ ಪೇಟೆಗೆ ಹೋಗಿದ್ದು ಡೈರಿಗೆ ಹಾಲು ತರದಿದ್ದ ದಿನಗಳಲ್ಲಿ ಇವರ ಹಾಲು ಸರಿಯಾಗಿರುತ್ತಿತ್ತು. ನಂಜಣ್ಣ ಸಾಲಿನಲ್ಲಿ ಇವರ ಹಿಂದೆ ನಿಂತ ದಿನ ಮಾತ್ರ ಕೆಡುತ್ತಿತ್ತು.

ಷಣ್ಮುಖಪ್ಪನವರು ಆ ಮಾತಾಡುವ ಮುಂಚೆಯೇ ನಾನು ಪತ್ತೇದಾರಿ ಶುರು ಮಾಡಿದ್ದೆ, ನಗಬೇಡಿ. ನಂಜಣ್ಣನೇ ದಾರಿಯಲ್ಲಿ ಇವರ ಪಾತ್ರೆಗೆ ನೀರು ಬೆರೆಸುತ್ತಾನೆ ಅಂತ ತೀರ್ಮಾನಿಸಿ, ಒಂದು ವಾರ ಅವನ ಕೈಯನ್ನೇ ನೋಡಿದೆ. ಪಾಪ, ಆ ಮನುಷ್ಯ ಅವರ ಪಾತ್ರೆಯನ್ನೂ ತಾನೇ ಹೊತ್ತು ತಂದು, ಮುಂದಕ್ ಹೋಗಿ ಅತ್ತೆ, ಅಂತ ಇವರಿಗೆ ಜಾಗ ಬಿಟ್ಟು ಹಿಂದೆ ನಿಲ್ಲುತ್ತಾನೆ. ನಾನು ದುರುಗುಟ್ಟಿ ನೋಡುವುದು ಕಂಡು, ಯಾಕವ್ವ ನಂದಿತಾ, ನನ್ ಮೂಗ್ ಮ್ಯಾಲೆ ಏನಾರ ಅಂಟ್ಕಂಡದಾ, ಅಂತ ಕೇಳಿದ. ಇಲ್ಲ ಅಂತ ಹೇಳಿ ತಲೆ ತಗ್ಗಿಸಿದೆ.

ಕೊನೆಗೆ, ಅವರು ಡೈರಿಗೆ ಬರುವುದು ನಿಲ್ಲಿಸಿದ ಮೇಲೆ, ಒಂದು ಬೆಳಿಗ್ಗೆ ಚಿಕ್ಕಬೀರಮ್ಮನ ಕೊಟ್ಟಿಗೆಗೇ ಹೋದೆ. ಕೆಚ್ಚಲಿಂದ ಕರೆದ ಹಾಲನ್ನು ನನ್ನ ಕೈಯಲ್ಲೇ ತಂದೆ. ಆ ದಿನ ಸಾಲು ಕರಗಿದ ಮೇಲೆ, ಬೇರೆ ಯಾರೂ ಇಲ್ಲದಾಗ ಅಳೆದರೆ ಒಳ್ಳೆಯ ಹಾಲು. ಹಾಗಾದರೆ ಕೆಡುವುದು ಹಾಲಲ್ಲ, ಅಂಕಿ. ಹಾಲಿನಿಂದ ಚೀಟಿಗೆ ಬರುವ ದಾರಿಯಲ್ಲಿ ಅಂಕಿ ಎಲ್ಲೋ ಕೆಡುತ್ತಿತ್ತು.

ಆ ಮಧ್ಯಾಹ್ನ ಡೈರಿಯಲ್ಲಿ ನಾನೊಬ್ಬಳೇ. ಕಂಪ್ಯೂಟರ್ ಡಬ್ಬದ ಸ್ಕ್ರೂ ಬಿಚ್ಚಿದೆ. ಒಳಗೆ ವೈರುಗಳೆಲ್ಲ ಹೊಗೆಸೊಪ್ಪು ಕಟ್ಟುವ ದಾರದಲ್ಲಿ ಬಿಗಿದಿದ್ದವು. ಈ ನಾಲ್ಕು ತಾಲ್ಲೂಕಿನಲ್ಲಿ ಕಂಪ್ಯೂಟರಿನ ಹೊಟ್ಟೆಗೆ ಹೊಗೆಸೊಪ್ಪಿನ ಗಂಟು ಹಾಕುವ ಮೆಕ್ಯಾನಿಕ್, ಬೆಟ್ಟದಪುರದಲ್ಲಿ ಹುಟ್ಟಿ ಹುಣಸೂರಿನಲ್ಲಿ ಅಂಗಡಿ ಇಟ್ಟ ನೀವು ಒಬ್ಬರೇ. ದೀಪಾವಳಿ ಆದ ಮೇಲೆ ಫ್ಯಾಟ್ ಮಿಷನ್ನನ್ನು ಕಂಪ್ಯೂಟರಿಗೆ ಸೇರಿಸುವ ಕಾರ್ಡು ಹಾಕಲು ನೀವೇ ಬಂದಿದ್ದಿರಿ ಅಂತ ನನಗೆ ಗೊತ್ತು. ನಾನು ರಜೆಯಲ್ಲಿರುವ ದಿನ ಯಾವುದು ಅಂತ ಮೊದಲೇ ಕೇಳಿಕೊಂಡು ಬಂದದ್ದೂ ಗೊತ್ತು. ಮಾರನೇ ದಿನ ಬಂದು ನೀವು ಕುಡಿದಿಟ್ಟ ಟೀ ಲೋಟ ತೊಳೆದವಳು ನಾನು.

ಹಳೇ ತೂಕದ ಕಾರ್ಡಿನ ಪಕ್ಕ ಹೊಸದಾಗಿ ಹಾಕಿದ ಕಾರ್ಡು. ಹೊಸದು ಅನ್ನುವುದು ಮಾತಿಗೆ, ಅದೂ ನಿಮ್ಮ ಅಟ್ಟದಿಂದ ಇಳಿದ ಹಳೇ ಕಾಲದ್ದೇ. ಕಾರ್ಡು ಯಾವ ತಂತಿಯಲ್ಲಿ ಕಂಪ್ಯೂಟರನ್ನು ಕರೆಯಬೇಕು ಅಂತ ಗೊತ್ತುಮಾಡುವ ಆ ಪುಟ್ಟ ಕಪ್ಪು ಟೋಪಿ ಎರಡರ ಮೇಲೂ ಒಂದೇ ನಂಬರಿನ ಮೇಲೆ ಕೂತಿತ್ತು. ಒಂದೇ ಗಂಟೆಯ ಹಗ್ಗವನ್ನು ಇಬ್ಬರ ಕೈಗೂ ಕೊಟ್ಟಿದ್ದೀರಿ.

ಮದುವೆಯಾದ ಹೊಸದರಲ್ಲಿ ಅಂಗಡಿಯ ನೆಲದ ಮೇಲೆ ಕಾರ್ಡುಗಳನ್ನು ಹರಡಿ ನನಗೆ ಪಾಠ ಹೇಳಿದ್ದಿರಲ್ಲ, ಅದನ್ನೇ ನಿಮಗೆ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದಿ. ಆಪರೇಟಿಂಗ್ ಸಿಸ್ಟಮ್ಮಿಗೆ ನೂರು ಕೆಲಸ. ಕಾರ್ಡಿಗೆ ಹೇಳುವುದೇನಾದರೂ ಇದ್ದರೆ ಇಂಟರಪ್ಟ್ ಅನ್ನುವ ಗಂಟೆ ಹೊಡೆಯುತ್ತದೆ. ಆಗ ಸಿಸ್ಟಮ್ಮು ಕೈಲಿದ್ದದ್ದನ್ನು ಬಿಟ್ಟು ಬರುತ್ತದೆ. ಆ ಗಂಟೆಗೆ ಬರುವ ತಂತಿಗಳು ಹಳೇ ಮಿಷನ್ನಿನಲ್ಲಿ ಕಡಿಮೆ. ಖಾಲಿ ಇಲ್ಲದಾಗ ಇಬ್ಬರಿಗೆ ಒಂದೇ ತಂತಿ. ತಪ್ಪೇನಿಲ್ಲ, ಹಂಚಿಕೊಂಡು ಬಾಳಬಹುದು ಅಂತ ನೀವೇ ಹೇಳಿದ್ದಿರಿ. ಆದರೆ ಗಂಟೆ ಯಾರು ಹೊಡೆದರು ಅಂತ ಸಿಸ್ಟಮ್ಮಿಗೆ ತಿಳಿಯುವುದಿಲ್ಲ, ಹೊಡೆದದ್ದು ಮಾತ್ರ ಕೇಳಿಸುತ್ತದೆ. ಹಾಗಾಗಿ ಪ್ರತಿ ಕಾರ್ಡಿನ ಡ್ರೈವರ್ ಪ್ರೋಗ್ರಾಮನ್ನೂ ಎಬ್ಬಿಸಿ, ನಿಂದಾ ನೋಡು ಅಂತ ಕೇಳಬೇಕು. ಅದು ತನ್ನ ಕಾರ್ಡನ್ನು ನೋಡಿ, ತನ್ನದಾದರೆ ಕೆಲಸ ಮಾಡಬೇಕು, ಅಲ್ಲದಿದ್ದರೆ ನನ್ನದಲ್ಲ ಅಂತ ಹೇಳಿ ಮುಂದಿನವರಿಗೆ ದಾರಿ ಬಿಡಬೇಕು.

ತೂಕದ ಕಾರ್ಡಿನ ಡ್ರೈವರ್ ನೋಡುವುದೇ ಇಲ್ಲ. ಯಾವಾಗ ಎಬ್ಬಿಸಿದರೂ ನನ್ನದೇ ಅಂತ ಎದ್ದು ಬಂದು, ತೂಕ ತೆಗೆದುಕೊಂಡು, ಬಾಗಿಲು ಹಾಕಿಕೊಂಡು ಹೋಗುತ್ತದೆ. ಅದನ್ನು ಬರೆದವರು ನೀವು. ಬರೆದಾಗ ಅದು ಸರಿಯಾಗಿಯೇ ಇತ್ತು, ಆ ತಂತಿಯ ಮೇಲೆ ತೂಕದ ಕಾರ್ಡು ಒಂದೇ ಇತ್ತಲ್ಲ. ಒಬ್ಬಳೇ ಸೊಸೆ ಇರುವ ಮನೆಯಲ್ಲಿ ಅತ್ತೆ ಬಾರೇ ಅಂದರೆ, ಯಾರನ್ನು ಕರೆದದ್ದು ಅಂತ ಯಾರೂ ಕೇಳುವುದಿಲ್ಲ. ಎರಡನೇ ಸೊಸೆ ಬಂದ ದಿನ ಅದನ್ನು ತಿದ್ದಬೇಕಿತ್ತು.

ಒಂದೊಂದೇ ಗಂಟೆ ಬೇರೆ ಬೇರೆ ಹೊತ್ತಿಗೆ ಹೊಡೆದರೆ ಹೇಗೋ ನಡೆದುಹೋಗುತ್ತದೆ. ಫ್ಯಾಟ್ ಕಾರ್ಡಿನ ಡ್ರೈವರನ್ನು ಮೊದಲು ಕೇಳದಿದ್ದರೂ, ಲೆಕ್ಕದ ಪ್ರೋಗ್ರಾಮು ಸ್ವಲ್ಪ ತಡವಾಗಿ ತಾನೇ ಹೋಗಿ ಅಂಕಿ ತರುವ ಹಾಗೆ ನೀವು ಒಂದು ತೇಪೆ ಹಾಕಿದ್ದೀರಿ, ಅದನ್ನೂ ಕಂಡೆ. ಎರಡೂ ಒಂದೇ ಗಳಿಗೆಯಲ್ಲಿ ಹೊಡೆದರೆ ಆ ತೇಪೆ ಸಾಲದು. ಹಾಲಿನ ಅಂಕಿ ತೆಗೆದುಕೊಳ್ಳುವವರಿಲ್ಲದೆ ಕಾರ್ಡಿನಲ್ಲೇ ಕೂತಿರುತ್ತದೆ. ಅಷ್ಟರಲ್ಲಿ ಫ್ಯಾಟ್ ಮಿಷನ್ನು ನೀರು ಎಳೆದುಕೊಂಡು ಬಾಯಿ ತೊಳೆದುಕೊಂಡು, ಆ ತೊಳೆದ ನೀರಿಗೂ ಒಂದು ಅಂಕಿ ಕಳಿಸುತ್ತದೆ. ಹಿಂದಿನದರ ಜಾಗದಲ್ಲಿ ಅದು ಕೂರುತ್ತದೆ. ಲೆಕ್ಕದ ಪ್ರೋಗ್ರಾಮು ಮೊದಲು ಸಿಕ್ಕಿದ್ದೇ ಹಾಲು ಅಂತ ಅದನ್ನು ಚೀಟಿಗೆ ಹಾಕುತ್ತದೆ. ಕೊಳವೆಯಲ್ಲಿ ಉಳಿದ ಚೂರು ಹಾಲು ಬೆರೆತ ತೊಳೆನೀರು, ನೋಡಿದವರು ಯಾರೇ ಆದರೂ ನೀರು ಹಾಕಿದ ಹಾಲು ಅಂತಲೇ ಹೇಳಬೇಕು.

ಇನ್ನು ನಂಜಣ್ಣನ ಪಾಲು. ನೀವು ಪರೀಕ್ಷೆ ಮಾಡಿದ್ದು ಮಧ್ಯಾಹ್ನ, ಮೊದಲು ತೂಕ, ಅದು ಮುಗಿದ ಮೇಲೆ ಫ್ಯಾಟು. ಹಾಲು ಹಾಕುವ ಹೊತ್ತಿಗೆ ನಿಂತು ನೋಡಿದ್ದರೆ ಬೇರೆಯದು ಕಾಣುತ್ತಿತ್ತು. ಬೆಳಿಗ್ಗೆ ಸಾಲು ಬೀದಿಗೆ ಹೋಗುತ್ತದೆ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೆಂಗಸರು ಬೈಯುತ್ತಾರೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಒಬ್ಬರ ಸ್ಯಾಂಪಲ್ಲು ಫ್ಯಾಟ್ ಮಿಷನ್ನಿನಲ್ಲಿರುವಾಗಲೇ ಅವರ ಹಿಂದೆ ನಿಂತವರ ಹಾಲನ್ನು ತೂಕಕ್ಕೆ ಇಡಿಸುತ್ತಿದ್ದೆ. ಸಂಜೆ ಆ ಅವಸರವಿಲ್ಲ. ಸಣ್ಣ ಪಾತ್ರೆಯಾದರೆ ತೂಕ ಬೇಗ ನಿಲ್ಲುತ್ತದೆ, ಫ್ಯಾಟು ಆಮೇಲೆ ಬರುತ್ತದೆ. ನಂಜಣ್ಣನದು ದೊಡ್ಡ ಕ್ಯಾನು. ಅದು ತಟ್ಟೆಯ ಮೇಲೆ ಓಲಾಡಿ ಓಲಾಡಿ ನಿಲ್ಲುವ ಹೊತ್ತಿಗೆ ಸರಿಯಾಗಿ, ಅವನ ಮುಂದೆ ನಿಂತಿದ್ದವರ ಫ್ಯಾಟು ಬಂದಿರುತ್ತದೆ. ಮುಂದಿರುವವರು ಯಾವಾಗಲೂ ಚಿಕ್ಕಬೀರಮ್ಮ. ಮರ್ಯಾದೆ ಕೊಟ್ಟು ಮುಂದೆ ನಿಲ್ಲಿಸಿದ್ದಕ್ಕೇ ಅವರ ಮರ್ಯಾದೆ ಹೋಯಿತು.

ಊಹೆಯಿಂದ ಬರೆಯುತ್ತಿಲ್ಲ. ಮನೆಯ ಹಾಲು ತಂದು, ಕ್ಯಾನಿಗೆ ನೀರು ತುಂಬಿ ತೂಕಕ್ಕಿಟ್ಟು, ಅದೇ ಹೊತ್ತಿಗೆ ಹೊಂದಿಸಿ ನೋಡಿದೆ. ಮೊದಲು ಹೊಂದಲಿಲ್ಲ. ಮತ್ತೆ ಮತ್ತೆ ಇಟ್ಟೆ. ಒಮ್ಮೆ ಹೊಂದಿತು, ಅವ್ವನ ಎಮ್ಮೆ ಹಾಲು ನೀರಾಗಿ ಚೀಟಿಯಲ್ಲಿ ಇಳಿಯಿತು. ನಾನು ಒಬ್ಬಳೇ ಕೈ ತಟ್ಟಿ ನಕ್ಕೆ. ನಿಮಗೆ ತೋರಿಸಬೇಕು ಅನ್ನಿಸಿತು, ನಿಜ ಹೇಳಬೇಕೆಂದರೆ ಮೊದಲು ಅನ್ನಿಸಿದ್ದೇ ಅದು. ಚಿಕ್ಕಬೀರಮ್ಮ ಆಮೇಲೆ ನೆನಪಾದರು.

ಒಂದು ವಿಷಯ ನನಗಿನ್ನೂ ಪೂರ್ತಿ ತಿಳಿದಿಲ್ಲ, ನಿಮ್ಮನ್ನೇ ಕೇಳಬೇಕು. ಹೊಸ ಥರದ ಕಾರ್ಡು ಬಾಗಿಲ ಬೆಲ್ಲನ್ನು ಒತ್ತಿಯೇ ಹಿಡಿದಿರುತ್ತದಂತೆ, ಯಾರಾದರೂ ಬಂದು ವಿಚಾರಿಸುವವರೆಗೂ ಬಿಡುವುದಿಲ್ಲ. ಅದರಲ್ಲಿ ಯಾರ ಕರೆಯೂ ಕಳೆದುಹೋಗುವುದಿಲ್ಲ. ಹಳೆಯದು ಒಂದು ಸಲ ಹೊಡೆದು ಸುಮ್ಮನಾಗುತ್ತದೆ. ಆಗ ಇನ್ನೊಬ್ಬರ ಗದ್ದಲದಲ್ಲಿ ಕೇಳಿಸದೆ ಹೋದರೆ ಹೋಯಿತು. ಹಾಗಾದರೆ ಹಳೇ ಕಾರ್ಡುಗಳು ಒಂದೇ ತಂತಿಯಲ್ಲಿ ಬಾಳಲು ಸಾಧ್ಯವೇ ಇಲ್ಲವೇ? ನನಗೆ ಹೊಳೆದದ್ದು ಇಷ್ಟು. ಗಂಟೆ ಹೊಡೆದಾಗ ಒಂದು ಸುತ್ತು ಕೇಳಿ ಸುಮ್ಮನಾಗಬಾರದು. ಎಲ್ಲರೂ ಒಂದೇ ಸುತ್ತಿನಲ್ಲಿ ನನ್ನದೇನಿಲ್ಲ ಅನ್ನುವವರೆಗೆ ಸುತ್ತುತ್ತಲೇ ಇರಬೇಕು. ಸರಿಯೇ?

ನೀವೂ ಹಳೇ ಕಾರ್ಡಿನ ಜಾತಿ ಕಣ್ರೀ, ಸಿಟ್ಟಾಗಬೇಡಿ. ಯುಗಾದಿಯ ಮುಂಚೆ ಒಂದು ಸಲ ಫೋನ್ ಮಾಡಿದಿರಿ. ಅಪ್ಪ ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು, ನನ್ನ ಎರಡೂ ಕೈ ಅವರ ಕಾಲಿನ ಕೆಳಗಿತ್ತು. ಎತ್ತಲಾಗಲಿಲ್ಲ. ಇನ್ನೊಂದು ಸಲ ಮಾಡುತ್ತೀರಿ ಅಂತ ಕಾದೆ. ಮಾಡಲಿಲ್ಲ. ಅವಳು ತವರಿಗೆ ಹೋದ ಮೇಲೆ ನನ್ನ ಫೋನೂ ಎತ್ತುವುದಿಲ್ಲ ಅಂತ ನೀವು ಬಿಳಿಕೆರೆಯಲ್ಲಿ ಯಾರ ಹತ್ತಿರವೋ ಹೇಳಿದ್ದು ನಮ್ಮೂರಿಗೆ ನನಗಿಂತ ಮೊದಲು ತಲುಪಿತು. ಆಗ ನನಗೂ ಹಟ ಬಂತು. ಮತ್ತೆ ಅಪ್ಪನ ಕಾಲು, ಡೈರಿಯ ಕೆಲಸ, ಒಂದಲ್ಲ ಒಂದು. ಗಂಟೆಗೆ ಯಾರೂ ಓಗೊಡದಿದ್ದರೆ ಸಿಸ್ಟಮ್ಮು ಆ ತಂತಿಯನ್ನೇ ಮುಚ್ಚಿಬಿಡುತ್ತದೆ ಅಂತ ನೀವು ಹೇಳಿದ್ದಿರಿ. ಆದರೆ ಅದು ಕೂಡ ಲಕ್ಷದಷ್ಟು ಸಲ ನೋಡಿ ಆಮೇಲೆ ಮುಚ್ಚುತ್ತದಂತಲ್ಲ. ನಾವು ಒಂದೇ ಸಲಕ್ಕೆ ಮುಚ್ಚಿದೆವು. ಇದನ್ನು ಬರೆಯುವಾಗ ನನಗೆ ನಿಜವಾಗಿ ದುಃಖವಾಗುತ್ತಿದೆ.

ಇರಲಿ, ಭಾನುವಾರದ ಮಾತಿಗೆ ಬರುತ್ತೇನೆ. ಸದ್ಯಕ್ಕೆ ನನ್ನ ಉಪಾಯ ನಿಲ್ಲಿಸಿದ್ದೇನೆ. ಒಬ್ಬರದು ಪೂರ್ತಿ ಮುಗಿಯದೆ ಇನ್ನೊಬ್ಬರ ಹಾಲನ್ನು ತೂಕಕ್ಕೆ ಇಡಿಸುವುದಿಲ್ಲ. ಸಾಲಿನವರೆಲ್ಲ, ಏನವ್ವ ಕೈಗೆ ಎಣ್ಣೆ ಮುಗುದೋಯ್ತಾ, ಅಂತ ರೇಗಿಸುತ್ತಾರೆ. ಇನ್ನು ಮುಂದೆ ಯಾರ ಹಾಲೂ ಕೆಡುವುದಿಲ್ಲ, ಆದರೆ ಕೆಟ್ಟಿರುವ ಹೆಸರು ತಾನಾಗಿ ಸರಿಹೋಗುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಯಾರಾದರೂ ಹೇಳಬೇಕು. ನಾನೊಬ್ಬಳೇ ಹೇಳಿದರೆ, ಇವಳು ಮುದುಕಿಯ ಕಡೆ ವಾಲುತ್ತಾಳೆ ಅಂತಲೋ, ಗಂಡನ ಮೇಲಿನ ಸಿಟ್ಟಿಗೆ ಅವನ ಕೆಲಸಕ್ಕೆ ಹುಳುಕು ಹಿಡಿದಿದ್ದಾಳೆ ಅಂತಲೋ ಅನ್ನುತ್ತಾರೆ. ಎರಡನೆಯದನ್ನು ಷಣ್ಮುಖಪ್ಪನವರು ಖಂಡಿತ ಅನ್ನುತ್ತಾರೆ.

ನಿಮ್ಮ ಕಷ್ಟವೂ ನನಗೆ ಗೊತ್ತು. ಪಿರಿಯಾಪಟ್ಟಣದ ಕಡೆಯೂ ಕೆ.ಆರ್. ನಗರದ ಕಡೆಯೂ ಇದೇ ಜೋಡಿ ಕಾರ್ಡುಗಳನ್ನು ನೀವು ಹಾಕಿದ್ದೀರಿ. ಇಲ್ಲಿ ಒಪ್ಪಿಕೊಂಡರೆ ಅಲ್ಲೆಲ್ಲ ಕರೆದು ಕೇಳುತ್ತಾರೆ. ಆದರೆ ಅಲ್ಲಿಯೂ ಯಾವುದೋ ದೊಡ್ಡ ಕ್ಯಾನಿನ ಮುಂದೆ ಒಬ್ಬ ಚಿಕ್ಕಬೀರಮ್ಮ ನಿಂತಿರುತ್ತಾರಲ್ಲ, ಅವರ ಗತಿ ಏನು? ಡ್ರೈವರಿನಲ್ಲಿ ತಿದ್ದಬೇಕಾದದ್ದು ನಾಲ್ಕೇ ಸಾಲು ಇರಬಹುದು. ನೀವು ಕೂತರೆ ಒಂದು ಮಧ್ಯಾಹ್ನದ ಕೆಲಸ.

ಭಾನುವಾರ ಬೆಳಿಗ್ಗೆ ಬನ್ನಿ. ಸಭೆಯ ಎದುರಿಗೇ ನಂಜಣ್ಣನ ಕ್ಯಾನನ್ನು ತೂಕಕ್ಕಿಟ್ಟು ತೋರಿಸೋಣ. ನೀವು ಬಾರದಿದ್ದರೂ ನಾನು ಹೇಳಿಯೇ ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಬೆನ್ನ ಹಿಂದೆ ನಿಮ್ಮ ಹೆಸರು ಹೇಳುವುದು ನನಗಿಷ್ಟವಿಲ್ಲ, ಅದಕ್ಕೆ ಮೊದಲು ನಿಮಗೆ ತಿಳಿಸಿದ್ದೇನೆ. ಅವ್ವ ಕೇಳಿದರೆ ಕಂಪ್ಯೂಟರ್ ರಿಪೇರಿಗೆ ಕರೆದಿದ್ದೇನೆ ಅಂತ ಹೇಳುತ್ತೇನೆ. ಊಟ ಇಲ್ಲೇ.

ಇಂತಿ,
ನಂದಿತಾ
(ಹಾಲಿನ ಡೈರಿ)

ತಾಜಾ ಕಲಂ, ಶುಕ್ರವಾರ:
ನಿನ್ನೆ ಚೇತನ್‌ಕುಮಾರನ ಗಾಡಿ ಕೆಟ್ಟು ಕಾಗದ ನನ್ನ ಹತ್ತಿರವೇ ಉಳಿಯಿತು. ಒಳ್ಳೆಯದೇ ಆಯಿತು, ಯಾಕೆಂದರೆ ನಾನು ಭಾನುವಾರದವರೆಗೆ ಕಾಯಲಿಲ್ಲ. ಈ ಬೆಳಿಗ್ಗೆ ಸಾಲು ತುಂಬಿರುವಾಗ ಚಿಕ್ಕಬೀರಮ್ಮ ಬಂದರು. ಹಾಲು ತಂದಿರಲಿಲ್ಲ. ಸಂಘದಿಂದ ತೆಗೆಯೋ ಮುಂಚೆ ನಾನೇ ಬುಟ್ಬುಡ್ತೀನಿ, ನನ್ ಪಾಸ್‌ಬುಕ್ಕು ತಕಳಿ, ಅಂತ ಷಣ್ಮುಖಪ್ಪನವರ ಮುಂದೆ ಇಟ್ಟರು. ಅವರು ಕೈ ಚಾಚಿದರು. ನನಗೆ ತಡೆಯಲಾಗಲಿಲ್ಲ, ತಪ್ಪು ಕಂಪ್ಯೂಟರಿನದು, ಈಗಲೇ ತೋರಿಸುತ್ತೇನೆ ಅಂದೆ.

ನಂಜಣ್ಣ ಕ್ಯಾನು ತಂದಿಟ್ಟ. ಷಣ್ಮುಖಪ್ಪನವರ ಮನೆಯ ಹಾಲನ್ನೇ ಸ್ಯಾಂಪಲ್ಲಿಗೆ ಹಾಕಿದೆ. ಎರಡು ಸಲ ಹೊಂದಲಿಲ್ಲ, ಜನ ಗುಸುಗುಸು ಅಂದರು. ಮೂರನೇ ಸಲಕ್ಕೆ ಅಧ್ಯಕ್ಷರ ಹಾಲು ನೀರಾಯಿತು. ಚೀಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಷಣ್ಮುಖಪ್ಪನವರು ಪಾಸ್‌ಬುಕ್ಕನ್ನು ಚಿಕ್ಕಬೀರಮ್ಮನ ಕೈಗೆ ವಾಪಸು ಕೊಟ್ಟು, ಅದೇ ಗಳಿಗೆ ನನ್ನ ಕಡೆ ತಿರುಗಿ, ಈ ಕಾರ್ಡ್ ಹಾಕ್ದೋನ್ ಯಾರವ್ವ, ಇದ್ಕೆ ಜವಾಬ್ದಾರಿ ಯಾರ್ದು, ಅಂತ ಕೇಳಿದರು. ಅವರಿಗೆ ಗೊತ್ತಿಲ್ಲವೇ, ಎಲ್ಲರಿಗೂ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಅಂತ ಕಾದು ನಿಂತರು.

ನಮ್ಮನೆಯವರು ಹಾಕಿದ್ದು, ನಾನು ಅವಸರದಲ್ಲಿ ನಡೆಸಿದ್ದು, ಜವಾಬ್ದಾರಿ ನಮ್ಮಿಬ್ಬರದು, ಅಂದೆ.

ಚಿಕ್ಕಬೀರಮ್ಮ ಪಾಸ್‌ಬುಕ್ಕನ್ನು ಸೆರಗಿಗೆ ಗಂಟು ಹಾಕಿಕೊಂಡು, ಅಂಗಾರೆ ನಿಮ್ಮನೆಯೋರು ಯಾವತ್ ಬತ್ತಾರವ್ವ ಅಂತ ಕೇಳಿದರು. ಭಾನುವಾರ ಅಂತ ಹೇಳಿಬಿಟ್ಟಿದ್ದೇನೆ.